ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆ: ಜಾನ್ಸ್ ದ್ವೀಪದಲ್ಲಿ ಮತದಾರರು ತಯಾರಾದ ಬಗೆ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕರಾವಳಿಯಲ್ಲಿ, ಚಾರ್ಲ್ಸ್‌ಟನ್ ನಗರದ ಮಗ್ಗುಲಲ್ಲೇ ಜಾನ್ಸ್ ದ್ವೀಪವಿದೆ. 1950ರ ದಶಕದಲ್ಲಿ ಅಲ್ಲಿಂದ ಕೆಲಸಗಾರರನ್ನು ತುಂಬಿಕೊಂಡು ಬೆಳಿಗ್ಗೆ ಒಂದು ಬಸ್ಸು ನಗರಕ್ಕೆ ಹೊರಡುತ್ತಿತ್ತು. ಒಳಗೆ ಬಿಳಿಯರ ಮನೆಗಳಲ್ಲಿ ಕಸಮುಸುರೆ ಮಾಡುವ ಹೆಂಗಸರು, ಸಿಗಾರ್ ಕಾರ್ಖಾನೆಯ ಕೂಲಿಗಳು. ಬಸ್ಸಿನ ಮಾಲೀಕರೂ ಚಾಲಕರೂ ಒಬ್ಬರೇ, ಈಸಾ ಜೆಂಕಿನ್ಸ್. ಪ್ರಯಾಣಿಕರಂತೆ ಅವರೂ ಕಪ್ಪುವರ್ಣೀಯರು. ಸಣ್ಣವರಿದ್ದಾಗ ಓದಿದ್ದು ನಾಲ್ಕನೆಯ ತರಗತಿಯವರೆಗೆ. ನಗರದ ಗ್ರೀಕ್ ವ್ಯಾಪಾರಿಗಳಿಗೆ ತರಕಾರಿ ಮಾರಲು ಅನುಕೂಲವಾಗಲೆಂದು ಗ್ರೀಕ್ ಭಾಷೆ ಕಲಿತ ಆಸಾಮಿ.

ಆಲಿಸ್ ವೈನ್ ಎಂಬ ಪ್ರಯಾಣಿಕರು ಇವರ ಮುಂದೆ ತಮ್ಮ ಕಷ್ಟ ತೋಡಿಕೊಂಡರು. ಓಟು ಹಾಕುವ ಆಸೆಯಿದೆ, ಓದಲು ಬರುವುದಿಲ್ಲ, ಕಲಿಸಿಕೊಡುತ್ತೀಯಾ ಎಂದು. ಮತದಾರರಾಗಲು ಓದಿ ತೋರಿಸಬೇಕಿದ್ದ ರಾಜ್ಯ ಸಂವಿಧಾನದ ಭಾಗದ ಪ್ರತಿಗಳನ್ನು ಜೆಂಕಿನ್ಸ್ ಮಾಡಿಸಿ ಬಸ್ಸಿನಲ್ಲಿ ಹಂಚಿದರು. ಬಸ್ಸು ಹೊರಡಲು ಕಾಯುವಾಗ, ದಾರಿಯುದ್ದಕ್ಕೂ, ಅದೇ ಪಾಠ. ಆಲಿಸ್ ವೈನ್ ಅಕ್ಷರ ಕಲಿಯುವ ಗೋಜಿಗೇ ಹೋಗದೆ ಇಡೀ ಭಾಗವನ್ನು ಬಾಯಿಪಾಠ ಮಾಡಿದರು. ನೋಂದಣಿ ಕಚೇರಿಯಲ್ಲಿ ಹಾಳೆ ಹಿಡಿದು, ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ, ಮತದಾರರ ಪಟ್ಟಿಗೆ ಸೇರಿಬಿಟ್ಟರು.

ಉಳಿದವರಾಗಿದ್ದರೆ ಗೆದ್ದೆವೆಂದು ಸುಮ್ಮನಾಗುತ್ತಿದ್ದರೇನೋ. ಆಕೆ ಮಾತ್ರ ಈಗ ನಿಜಕ್ಕೂ ಓದಲು ಕಲಿಸು ಎಂದು ಹಟ ಹಿಡಿದರು. ಬಸ್ಸು ಓಡಿಸುತ್ತಾ ಕಲಿಸಲು ಆಗದ ಪಾಠ ಅದು. ಈ ಪ್ರಕರಣ ಶುರುವಾಗುವುದು ಅಲ್ಲಿಂದ.

ಹೆಬ್ಬೆಟ್ಟಿಗೆ ಬಾಗಿಲಿಲ್ಲ

ಆ ರಾಜ್ಯದ 1895ರ ಸಂವಿಧಾನದ ಪ್ರಕಾರ ಮತದಾರನಾಗಬೇಕಾದವನು ಸಂವಿಧಾನದ ಯಾವುದಾದರೂ ಭಾಗವನ್ನು ಓದಿ, ಬರೆದು ತೋರಿಸಬೇಕು. ಇಲ್ಲವೇ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು. ಯಾವ ಭಾಗ ಓದಿಸಬೇಕು, ಓದಿದ್ದು ಸರಿಯೇ ತಪ್ಪೇ ಎಂದು ತೀರ್ಮಾನಿಸುವವನು ಕುರ್ಚಿಯಲ್ಲಿ ಕೂತ ಬಿಳಿಯ ಅಧಿಕಾರಿ. ಹತ್ತು ವರ್ಷಕ್ಕೊಮ್ಮೆ ಹಳೆಯ ನೋಂದಣಿ ರದ್ದಾಗಿ ಎಲ್ಲರೂ ಹೊಸದಾಗಿ ಹೆಸರು ಬರೆಸಬೇಕಿತ್ತು. ಮುಂದಿನ ಸರದಿ 1958ಕ್ಕೆ. ಇದರ ಜೊತೆಗೆ ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯೊಳಕ್ಕೆ ಕಪ್ಪುಜನರನ್ನು ಬಿಡುತ್ತಲೇ ಇರಲಿಲ್ಲ. ಅಲ್ಲಿ ಗೆದ್ದವನೇ ಗೆದ್ದವನು ಎಂಬಂಥ ರಾಜ್ಯದಲ್ಲಿ ಉಳಿದ ಓಟಿಗೆ ಅರ್ಥವೇನು? ನ್ಯಾಯಾಧೀಶ ವೇಟೀಸ್ ವೇರಿಂಗ್ 1947ರಲ್ಲಿ ಆ ನಿರ್ಬಂಧವನ್ನು ಹೊಡೆದುಹಾಕಿದ ಮೇಲಷ್ಟೇ ಪಟ್ಟಿಗೆ ಸೇರುವುದರಲ್ಲಿ ಹುರುಳು ಬಂತು.

ಕನ್ನಡದ ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು. ಆಲಿಸ್ ವೈನ್ ಅವರಂಥ ದೊಡ್ಡವರಿಗೆ ಓದು ಕಲಿಸುವ ಶಾಲೆ ಜಾನ್ಸ್ ದ್ವೀಪದಲ್ಲಿ ಶುರುವಾದದ್ದು 1957ರ ಜನವರಿ 7ರಂದು. ಅದಾಗಿ ಏಳು ವಾರಕ್ಕೆ ನಮ್ಮಲ್ಲಿ ಎರಡನೆಯ ಮಹಾಚುನಾವಣೆ. ಏಕೀಕರಣಗೊಂಡ ಮೈಸೂರು ರಾಜ್ಯಕ್ಕೆ ಅದೇ ಮೊದಲನೆಯದು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಒಂದಕ್ಷರ ಬಾರದ ನಮ್ಮ ಅಜ್ಜಿಯಂದಿರು ಒಳಗೆ ಹೋಗಿ ಜೋಡೆತ್ತಿನ ಪೆಟ್ಟಿಗೆಗೋ ಬೇರೊಂದಕ್ಕೋ ಚೀಟಿ ಹಾಕಿ ಬಂದರು. ಓದು ಬಾರದ್ದು ಓಟಿಗೆ ಅಡ್ಡಿಯಾಗಕೂಡದು ಎಂದು ಬಡ ದೇಶವೊಂದು ತೀರ್ಮಾನಿಸಿದ್ದಾಗ, ಶ್ರೀಮಂತ ದೇಶವೊಂದು ಓದುವ ಪರೀಕ್ಷೆಯನ್ನೇ ಬೇಲಿಯಾಗಿ ನೆಟ್ಟಿತ್ತು. ಬೇಲಿಯಾಚೆಗಿನವರಿಗೆ ಓದು ಬಾರದಂತೆ ನೋಡಿಕೊಂಡದ್ದೂ ಅದೇ ಸರ್ಕಾರ.

ಅದಕ್ಕೆ ಸಾಕ್ಷಿ ಸೆಪ್ಟಿಮಾ ಕ್ಲಾರ್ಕ್. 1916ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅವರು ಇದೇ ದ್ವೀಪಕ್ಕೆ ಮೇಡಮ್ಮನಾಗಿ ಬಂದಿದ್ದರು. ಊರು ಚಾರ್ಲ್ಸ್‌ಟನ್ನೇ ಆದರೂ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಶಿಕ್ಷಕರಿಗೆ ಆಗ ಕೆಲಸವಿರಲಿಲ್ಲ. ದ್ವೀಪದ ಶಾಲೆಯಲ್ಲಿ 132 ಮಕ್ಕಳಿಗೆ ಇಬ್ಬರು ಶಿಕ್ಷಕರು, ಕ್ಲಾರ್ಕ್ ಅವರ ತಿಂಗಳ ಸಂಬಳ 35 ಡಾಲರ್. ಹತ್ತಿರದಲ್ಲೇ ಇದ್ದ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳು, ಶಿಕ್ಷಕಿಗೆ 85 ಡಾಲರ್. ಈ ಲೆಕ್ಕವನ್ನು ಕ್ಲಾರ್ಕ್ ಬದುಕಿರುವವರೆಗೂ ಮರೆಯಲಿಲ್ಲ.

ಜಾಗ ಕೊಡುವವರು ಯಾರು

ಟೆನ್ನೆಸೀ ರಾಜ್ಯದ ಬೆಟ್ಟದ ಮೇಲೆ ಮೈಲ್ಸ್ ಹಾರ್ಟನ್ ಮತ್ತು ಗೆಳೆಯರು 1932ರಲ್ಲಿ ಕಟ್ಟಿದ್ದ ಹೈಲ್ಯಾಂಡರ್ ಫೋಕ್ ಸ್ಕೂಲ್ ಎಂಬ ಸಂಸ್ಥೆಯಿತ್ತು. ಕಪ್ಪುಜನರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ಜಾಗ; ಆ ಕಾಲದ ದಕ್ಷಿಣದಲ್ಲಿ ಅಷ್ಟೇ ಸಾಕಿತ್ತು ಸರ್ಕಾರದ ಕಣ್ಣು ಕೆಂಪಾಗಲು. ಮಾಂಟ್‌ಗೊಮರಿಯ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅದಕ್ಕೆ ಕೆಲವೇ ತಿಂಗಳ ಮುಂಚೆ, 1955ರ ಬೇಸಿಗೆಯಲ್ಲಿ, ಇಲ್ಲಿನ ಶಿಬಿರದಲ್ಲಿದ್ದರು. ಆ ಶಿಬಿರ ನಡೆಸಿದವರು ಇದೇ ಕ್ಲಾರ್ಕ್.

ಅದಕ್ಕೂ ಒಂದು ವರ್ಷ ಹಿಂದೆ, 1954ರಲ್ಲಿ, ಕ್ಲಾರ್ಕ್ ಜೆಂಕಿನ್ಸ್‌ರನ್ನು ಹೈಲ್ಯಾಂಡರ್‌ಗೆ ಕರೆದೊಯ್ದರು. ಶಿಬಿರದ ವಿಷಯ ವಿಶ್ವಸಂಸ್ಥೆ. ನಿಮ್ಮ ಊರಿಗೆ ಏನು ಬೇಕು ಎಂಬ ಪ್ರಶ್ನೆ ಬಂದಾಗ ಜೆಂಕಿನ್ಸ್ ವಿಶ್ವಸಂಸ್ಥೆಯ ಗೊಡವೆ ಬಿಟ್ಟು, ದೊಡ್ಡವರಿಗೆ ಓದು ಕಲಿಸುವ ಒಂದು ಶಾಲೆ ಬೇಕು ಎಂದರು. ಅದೇ ವರ್ಷ ಅವರು ಶಾಲಾ ಟ್ರಸ್ಟಿ ಸ್ಥಾನಕ್ಕೆ ನಿಂತು ಸೋತಿದ್ದರು. ತಮ್ಮವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅವರಿಗೆ ಬೇರೆಯವರು ಹೇಳಬೇಕಿರಲಿಲ್ಲ.

ಹಾಗೆಂದು ದ್ವೀಪದಲ್ಲಿ ವಯಸ್ಕರ ಶಿಕ್ಷಣವೇ ನಡೆದಿರಲಿಲ್ಲ ಎಂದಲ್ಲ. ನಡೆದಿತ್ತು, ನೆಲಕಚ್ಚಿತ್ತು. ಏಕೆಂದು ಹಾರ್ಟನ್ ದ್ವೀಪದಲ್ಲೇ ಓಡಾಡಿ ವಿಚಾರಿಸಿದರು. ತಿಳಿದದ್ದು ಇಷ್ಟು: ಹೊಲದಲ್ಲಿ ದುಡಿದು ಬಂದ ದೊಡ್ಡ ಆಳುಗಳನ್ನು ಎಳೆಯ ಮಕ್ಕಳ ಬೆಂಚಿನಲ್ಲಿ ಕೂರಿಸುತ್ತಿದ್ದರು. ಮೊಣಕಾಲು ಎದೆಗೆ ಬರುತ್ತಿತ್ತು. ಮಕ್ಕಳು ಉದ್ದಕಾಲಿನ ಜೇಡ ಎಂದು ಗೇಲಿ ಮಾಡುತ್ತಿದ್ದರು. ಕೈಗೆ ಕೊಟ್ಟದ್ದು ಮಕ್ಕಳ ಬಾಲಬೋಧೆ. ಒಂದೆರಡು ವಾರ ಬಂದವರು ಮತ್ತೆ ಬರಲಿಲ್ಲ. ದಾಖಲೆಯಲ್ಲಿ ಅದಕ್ಕೆ ಆಸಕ್ತಿಯ ಕೊರತೆ ಎಂದು ಬರೆದಿರುತ್ತಾರೆ. ನಮ್ಮ ಕಚೇರಿಗಳಲ್ಲೂ ಅದೇ ಮಾತು ಸಿಗುತ್ತದೆ. ಅದು ಅವಮಾನ ಎಂದು ಬರೆಯುವ ಕಾಲಂ ಯಾವ ಫಾರ್ಮಿನಲ್ಲೂ ಇಲ್ಲ.

ಹೊಸ ಶಾಲೆಗೆ ಜಾಗ ಬೇಕಿತ್ತು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಭಯ, ಚರ್ಚಿನ ಪಾದ್ರಿಗೂ ಭಯ. ಇಬ್ಬರೂ ಕಪ್ಪುಜನರೇ. ಅವರನ್ನು ದೂರುವುದು ಸುಲಭ, ಆದರೆ ಆ ವರ್ಷಗಳು ಹಾಗಿದ್ದವು. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ಸದಸ್ಯರಿಗೆ ಸರ್ಕಾರಿ ಕೆಲಸವಿಲ್ಲ ಎಂದು 1956ರಲ್ಲಿ ರಾಜ್ಯ ಕಾನೂನು ಮಾಡಿತು. ಸದಸ್ಯತ್ವ ಮುಚ್ಚಿಡಲು ಒಪ್ಪದ ಕ್ಲಾರ್ಕ್ ನಾಲ್ಕು ದಶಕಗಳ ನೌಕರಿಯನ್ನೂ ಪಿಂಚಣಿಯನ್ನೂ ಒಟ್ಟಿಗೆ ಕಳೆದುಕೊಂಡರು. ಹೈಲ್ಯಾಂಡರ್ ಅವರನ್ನು ಶಿಬಿರಗಳ ನಿರ್ದೇಶಕಿಯಾಗಿ ಕರೆದುಕೊಂಡಿತು.

ಕೊನೆಗೆ ಜೆಂಕಿನ್ಸ್ ಕಟ್ಟಿದ್ದ ಪ್ರೊಗ್ರೆಸಿವ್ ಕ್ಲಬ್ ಹೈಲ್ಯಾಂಡರ್‌ನಿಂದ 1,500 ಡಾಲರ್ ಸಾಲ ಪಡೆದು ಹಳೆಯ ಶಾಲಾ ಕಟ್ಟಡವೊಂದನ್ನು ಕೊಂಡಿತು. ಮುಂದೆ ಸಹಕಾರಿ ದಿನಸಿ ಅಂಗಡಿ. ಹಿಂದೆ ಎರಡು ಕೋಣೆ, ಹೊರಗಿನವರು ಇಣುಕದಂತೆ ಕಿಟಕಿಯೇ ಇಲ್ಲ. ದಾರಿಯಲ್ಲಿ ಹೋಗುವ ಬಿಳಿಯರಿಗೆ ಕಾಣುತ್ತಿದ್ದುದು ಸಕ್ಕರೆ, ಹಿಟ್ಟು ಕೊಳ್ಳಲು ಬಂದ ಜನ.

ಸೀಮೆಸುಣ್ಣ ಯಾರ ಕೈಗೆ

ನನಗೆ ಇಡೀ ಪ್ರಕರಣದ ಗಂಟು ಬಿಚ್ಚುವುದು ಇಲ್ಲೇ. ಕಲಿಸಲು ಅನುಭವಿ ಶಿಕ್ಷಕರನ್ನು ತರುವುದು ಸಹಜವಾಗಿತ್ತು. ಹಾರ್ಟನ್, ಕ್ಲಾರ್ಕ್, ಜೆಂಕಿನ್ಸ್ ಬೇಕೆಂದೇ ಅದನ್ನು ಮಾಡಲಿಲ್ಲ. ತರಬೇತಾದವರು ಬಂದರೆ ಮತ್ತೆ ಪಠ್ಯಕ್ರಮ ತರುತ್ತಾರೆ, ಮತ್ತೆ ಬೆತ್ತದ ದನಿ ತರುತ್ತಾರೆ ಎಂಬುದು ಅವರ ಆತಂಕ. ಅವರು ಆರಿಸಿದ್ದು ಕ್ಲಾರ್ಕ್ ಅವರ ಸಂಬಂಧಿ ಬರ್ನಿಸ್ ರಾಬಿನ್ಸನ್ ಅವರನ್ನು. ಚಾರ್ಲ್ಸ್‌ಟನ್‌ನಲ್ಲಿ ಹೆಂಗಸರ ಕೂದಲು ಅಲಂಕರಿಸುವ, ಬಟ್ಟೆ ಹೊಲಿಯುವ ಕಸುಬು. ನಾನು ಮೇಷ್ಟರ ಕೆಲಸ ಮಾಡಿದವಳೇ ಅಲ್ಲ ಎಂದು ಅವರು ಹಿಂದೇಟು ಹಾಕಿದರು. ಅದಕ್ಕೇ ನೀನು ಬೇಕು ಎಂದು ಇವರು ಪಟ್ಟು ಹಿಡಿದರು.

ಈ ಆಯ್ಕೆಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಶಾಲಾ ಶಿಕ್ಷಕಿಗೆ ಸಂಬಳ ಕೊಡುವವರು ಬಿಳಿಯರ ಮಂಡಳಿ, ಮನೆಗೆಲಸದವಳಿಗೆ ಬಿಳಿಯ ಯಜಮಾನಿ. ರಾಬಿನ್ಸನ್ ಅವರ ಕುರ್ಚಿಯಲ್ಲಿ ತಲೆ ಕೊಟ್ಟು ಕೂರುವವರೆಲ್ಲ ಕಪ್ಪು ಹೆಂಗಸರು. ಆಕೆಯನ್ನು ಕೆಲಸದಿಂದ ತೆಗೆಯಲು ಯಾರಿಗೂ ಸಾಧ್ಯವಿರಲಿಲ್ಲ. ಜನ ಬಾಯಿ ಬಿಟ್ಟು ಮಾತಾಡುವ ಜಾಗವೂ ಅದೇ. ನಮ್ಮ ಹಳ್ಳಿಯ ಕ್ಷೌರದಂಗಡಿಯಲ್ಲಿ ಕೂತರೆ ತಿಳಿಯುವ ರಾಜಕೀಯ ಪಂಚಾಯ್ತಿ ಕಟ್ಟೆಯಲ್ಲೂ ತಿಳಿಯುವುದಿಲ್ಲವಲ್ಲ, ಹಾಗೆ.

ಮೊದಲ ರಾತ್ರಿ ಬಂದವರು 14 ಮಂದಿ. ಹೊಲಗಳಲ್ಲಿ ಕೆಲಸ ಕಡಿಮೆಯಿರುವ ಜನವರಿ, ಫೆಬ್ರುವರಿಯನ್ನೇ ಆರಿಸಿಕೊಂಡಿದ್ದರು. ವಾರಕ್ಕೆ ಎರಡು ಸಂಜೆ, ಎರಡೆರಡು ಗಂಟೆ. ರಾಬಿನ್ಸನ್ ತಮ್ಮ ಕುಟುಂಬದ ಶಿಕ್ಷಕಿಯೊಬ್ಬರಿಂದ ಪ್ರಾಥಮಿಕ ಶಾಲೆಯ ಸಾಮಗ್ರಿ ಕೇಳಿ ತಂದಿದ್ದರು. ಎದುರಿಗೆ ಕೂತವರನ್ನು ನೋಡಿದ್ದೇ ಅದು ತೀರಾ ಮಕ್ಕಳಾಟ ಅನ್ನಿಸಿ ಪಕ್ಕಕ್ಕಿಟ್ಟರು. ನಾನು ಶಿಕ್ಷಕಿಯಲ್ಲ, ಒಬ್ಬರಿಂದ ಒಬ್ಬರು ಕಲಿಯೋಣ ಎಂದು ಹೇಳಿ, ನಿಮಗೆ ಏನು ಕಲಿಯಬೇಕು ಎಂದು ಕೇಳಿದರು.

ಬಂದ ಉತ್ತರಗಳು: ನನ್ನ ಹೆಸರು ಬರೆಯಬೇಕು. ಬೈಬಲ್ ಓದಬೇಕು. ದೂರದ ಮಕ್ಕಳು ಬರೆದ ಕಾಗದ ನಾನೇ ಓದಬೇಕು. ಅಂಚೆಯಲ್ಲಿ ಸಾಮಾನು ತರಿಸುವ ಕ್ಯಾಟಲಾಗಿನ ಆರ್ಡರ್ ಫಾರ್ಮ್ ತುಂಬಬೇಕು. ಮನಿಯಾರ್ಡರ್ ಬರೆಯಬೇಕು. ಓಟಿನ ಪರೀಕ್ಷೆಗೆ ಬೇಕಾದ ಸಂವಿಧಾನದ ಭಾಗ ಓದಬೇಕು. ಅಂಚೆ ಕಚೇರಿಯ ಜಗಲಿಯಲ್ಲಿ ಕೂತು ನಾಲ್ಕಾಣೆಗೋ ಎಂಟಾಣೆಗೋ ಮನಿಯಾರ್ಡರ್ ಫಾರ್ಮ್ ತುಂಬಿಕೊಡುತ್ತಿದ್ದವರನ್ನು ನೋಡಿದವರಿಗೆ ಈ ಪಟ್ಟಿ ಹೊಸದೇನಲ್ಲ. ಮಗ ಎಷ್ಟು ಹಣ ಕಳಿಸಿದ, ಏನು ಬರೆದ ಎಂಬುದು ಮೊದಲು ಮೂರನೆಯವನಿಗೆ ತಿಳಿದು ಆಮೇಲೆ ತಾಯಿಗೆ ತಿಳಿಯುವುದು ಎಂಥ ಮುಜುಗರ! ಓಟು ಆ ಪಟ್ಟಿಯಲ್ಲಿತ್ತು, ಆದರೆ ಇಂಥ ಹತ್ತು ಮುಜುಗರಗಳ ನಡುವೆ ಇತ್ತು.

ಎರಡು ತಿಂಗಳ ಪಾಠ

ಹೆಸರಿನಿಂದಲೇ ಶುರು. ರಟ್ಟಿನ ಮೇಲೆ ಒಬ್ಬೊಬ್ಬರ ಹೆಸರನ್ನು ದೊಡ್ಡದಾಗಿ ಬರೆದುಕೊಟ್ಟರು. ಅದರ ಮೇಲೆ ಪೆನ್ಸಿಲಿನಿಂದ ತಿದ್ದುವುದು, ಮತ್ತೆ ತಿದ್ದುವುದು, ಬೆರಳಿಗೇ ಹೆಸರು ನೆನಪಾಗುವವರೆಗೆ. ಅಕ್ಕಿಯ ಮೇಲೆ ಬೆರಳಾಡಿಸಿ ಅಕ್ಷರಾಭ್ಯಾಸ ಮಾಡಿದ ನಮಗೆ ಈ ಕ್ರಮ ಪರಿಚಿತ. ಆದರೆ ಅವರ ಕೈ ಎಂಥದು? ಗುದ್ದಲಿ ಹಿಡಿದು ಬಿರುಸಾದದ್ದು. ಪೆನ್ಸಿಲ್ ಹಿಡಿದ ಬಿಗಿತಕ್ಕೆ ಮುಳ್ಳು ಮುರಿಯುತ್ತಿತ್ತು. ಮುರಿದರೆ ಮುರಿಯಲಿ, ಇನ್ನೊಂದಿದೆ ಎನ್ನುವಷ್ಟು ತಾಳ್ಮೆ ಬೇಕಿತ್ತು ಕಲಿಸುವವರಿಗೆ.

ಓದುವ ಪಾಠ ಹುಟ್ಟಿದ್ದು ಅವರ ಬಾಯಿಂದಲೇ. ಇವತ್ತು ಹೊಲದಲ್ಲಿ ಏನು ಮಾಡಿದಿರಿ ಎಂದು ಕೇಳುವುದು, ಹೇಳಿದ್ದನ್ನು ಬರೆಯುವುದು, ಬರೆದದ್ದನ್ನು ಅವರಿಂದಲೇ ಓದಿಸುವುದು. ಲೆಕ್ಕಕ್ಕೆ ಪತ್ರಿಕೆಯ ದಿನಸಿ ಜಾಹೀರಾತು. ಗೋಡೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಿ, ಪಾಠ ಮುಗಿಯುವಷ್ಟರಲ್ಲಿ ಇದನ್ನು ನೀವೆಲ್ಲ ಓದಬೇಕು ಎಂದಿದ್ದರು ರಾಬಿನ್ಸನ್. ಸಂವಿಧಾನದ ಕಷ್ಟದ ಪದಗಳನ್ನು ಒಡೆದು, ಉಚ್ಚರಿಸಿ, ಅರ್ಥ ಬಿಡಿಸಿದ್ದು ಈ ಎಲ್ಲದರ ನಡುವೆ.

ತರಗತಿಯಲ್ಲಿ ಅರವತ್ತೈದು ದಾಟಿದ ಒಬ್ಬ ಅಜ್ಜಿಯಿದ್ದರು. ಅವರಿಗೆ ಏನೂ ಹತ್ತುತ್ತಿಲ್ಲವೇನೋ ಎನ್ನುವಂತಿತ್ತು. ಒಂದು ಸಂಜೆ ಎಲ್ಲರ ಹೆಸರುಗಳನ್ನು ಹಲಗೆಯ ಮೇಲೆ ಬರೆದು, ನಿಮ್ಮದು ಎಲ್ಲಿದೆ ತೋರಿಸಿ ಎಂದಾಗ ಆ ಅಜ್ಜಿ ಎದ್ದು ಕೋಲು ತೆಗೆದುಕೊಂಡು ತಮ್ಮ ಹೆಸರಿನ ಮೇಲಿಟ್ಟರು. ಮೈ ಜುಮ್ಮೆಂದಿತು ಎಂದು ರಾಬಿನ್ಸನ್ ಎಷ್ಟೋ ವರ್ಷಗಳ ಮೇಲೂ ನೆನೆಯುತ್ತಿದ್ದರು.

ಪರೀಕ್ಷೆಗೆ ಹೋದ ಮೊದಲ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಿಗೆ ಸೇರಿದರು. ತರಗತಿಯೂ ಹದಿನಾಲ್ಕಕ್ಕೆ ನಿಲ್ಲದೆ 37ಕ್ಕೆ ಏರಿತ್ತು. ಮುಂದಿನ ಚಳಿಗಾಲಕ್ಕೆ ನೆರೆಯ ವಾಡ್ಮಲಾ, ಎಡಿಸ್ಟೊ ದ್ವೀಪಗಳಿಂದ ನಮಗೂ ಒಂದು ಶಾಲೆ ಬೇಕು ಎಂಬ ಬೇಡಿಕೆ ಬಂತು. ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ತರಗತಿ ನಡೆದದ್ದು ಒಂದು ಬ್ಯೂಟಿ ಪಾರ್ಲರಿನಲ್ಲಿ. ಪ್ರಚಾರಕ್ಕೆ ಒಂದು ಕರಪತ್ರವೂ ಬೇಕಾಗಲಿಲ್ಲ. ಹೆಸರು ಬರೆಯಲು ಕಲಿತ ಅಕ್ಕನನ್ನು ನೋಡಿ ತಂಗಿ ಬಂದಳು.

ಇಷ್ಟರಲ್ಲಿ ಎಲ್ಲ ಸುಗಮವಾಗಿತ್ತು ಎಂದುಕೊಳ್ಳಬೇಡಿ. ಹಾರ್ಟನ್ ಮತ್ತು ಕ್ಲಾರ್ಕ್ ನಡುವೆ ಜೋರು ಜಗಳಗಳಾಗುತ್ತಿದ್ದವು. ಜನರನ್ನು ಸೀದಾ ನೋಂದಣಿ ಕಚೇರಿಗೆ ಕರೆದೊಯ್ಯಬೇಕೆಂಬ ಆತುರ ಹಾರ್ಟನ್ ಅವರದು; ಒಂದೊಂದು ರಾಜ್ಯದ ನಿಯಮ ಒಂದೊಂದು ಬಗೆ, ಮೊದಲು ಅದನ್ನು ತಿಳಿದು, ಓದು ಬರಹ ಕಲಿಸಿ, ಆಮೇಲೆ ಕರೆದೊಯ್ಯಬೇಕು ಎಂಬ ಹಟ ಕ್ಲಾರ್ಕ್ ಅವರದು. ನನಗೆ ಕ್ಲಾರ್ಕ್ ಪರವಾಗಿ ನಿಲ್ಲುವುದೇ ಸರಿ ಅನ್ನಿಸುತ್ತದೆ. ಕಚೇರಿಯ ಮೇಜಿನ ಮುಂದೆ ಒಮ್ಮೆ ಮುಖಭಂಗವಾಗಿ ಬಂದವನನ್ನು ಎರಡನೆಯ ಸಲ ಕರೆದೊಯ್ಯುವುದು ಮೊದಲ ಸಲಕ್ಕಿಂತ ಹತ್ತರಷ್ಟು ಕಷ್ಟ.

ದ್ವೀಪ ದಾಟಿದ ಮೇಲೆ

1959ರ ಜುಲೈ 31ರ ರಾತ್ರಿ ಪೊಲೀಸರು ಹೈಲ್ಯಾಂಡರ್ ಮೇಲೆ ದಾಳಿ ಮಾಡಿ, ಮದ್ಯ ಇಟ್ಟುಕೊಂಡ ಆರೋಪ ಹೊರಿಸಿ ಕ್ಲಾರ್ಕ್ ಅವರನ್ನು ಬಂಧಿಸಿದರು. ಆ ಆರೋಪ ನಿಲ್ಲಲಿಲ್ಲ, ಆದರೆ ಸಂಸ್ಥೆಯ ಪರವಾನಗಿ ಹೋಯಿತು; 1961ರಲ್ಲಿ ಟೆನ್ನೆಸೀ ಸರ್ಕಾರ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಂಡಿತು. ಅಷ್ಟರಲ್ಲಿ ಶಾಲೆಗಳ ಕಾರ್ಯಕ್ರಮ ಮಾರ್ಟಿನ್ ಲೂಥರ್ ಕಿಂಗ್ ಅವರ ಎಸ್‌ಸಿಎಲ್‌ಸಿ ಸಂಘಟನೆಯ ಕೈಗೆ ದಾಟಿತ್ತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್ ಮತ್ತು ಆ ಸಂಘಟನೆಯ ಡೊರೊಥಿ ಕಾಟನ್, ಆಂಡ್ರ್ಯೂ ಯಂಗ್ ಸೇರಿ ದಕ್ಷಿಣದ ಹಳ್ಳಿಗಳಿಂದ ಬಂದವರಿಗೆ ಐದೈದು ದಿನದ ತರಬೇತಿ ಕೊಟ್ಟರು. ಆಯ್ಕೆಗೆ ಡಿಗ್ರಿ ಬೇಕಿರಲಿಲ್ಲ. ಗಟ್ಟಿಯಾಗಿ ಓದಲು, ಹಲಗೆಯ ಮೇಲೆ ಓದುವಂತೆ ಬರೆಯಲು ಬಂದರೆ ಸಾಕು. ಅವರು ಊರಿಗೆ ಹಿಂದಿರುಗಿ ಅಡುಗೆಮನೆಯಲ್ಲಿ, ಚರ್ಚಿನಲ್ಲಿ, ಮರದ ಕೆಳಗೆ ತರಗತಿ ಶುರುಮಾಡುತ್ತಿದ್ದರು. ಮತದಾನದ ಹಕ್ಕಿನ ಹೋರಾಟಕ್ಕೆ ಹೆಸರಾದ ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಕೂಡ ಈ ತರಬೇತಿ ಪಡೆದವರು. 1970ರ ಹೊತ್ತಿಗೆ ಇಂಥ 897 ಶಾಲೆಗಳು ನಡೆದಿದ್ದವು ಎಂದು ಕ್ಲಾರ್ಕ್ ಲೆಕ್ಕ ಕೊಡುತ್ತಾರೆ. ಆ ಸಂಘಟನೆಯ ಗಂಡಸರು ನನ್ನ ಮಾತಿಗೆ ಕೊಡುತ್ತಿದ್ದ ಬೆಲೆ ಅಷ್ಟಕ್ಕಷ್ಟೆ ಎಂದೂ ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಶಾಲೆಗಳ ಮಿತಿಯನ್ನೂ ಹೇಳಬೇಕು. ಅಲಬಾಮಾ, ಮಿಸಿಸಿಪ್ಪಿಗಳಲ್ಲಿ ಕಾಲೇಜು ಮುಗಿಸಿದ ಕಪ್ಪು ಶಿಕ್ಷಕರನ್ನೇ ಪರೀಕ್ಷೆಯಲ್ಲಿ ನಪಾಸು ಮಾಡುತ್ತಿದ್ದರು. ಪರೀಕ್ಷೆ ಇದ್ದದ್ದು ಓದನ್ನು ಅಳೆಯಲು ಅಲ್ಲವಾದ್ದರಿಂದ ಎಷ್ಟು ಓದಿಸಿದರೂ ಆ ಬಾಗಿಲು ಪೂರ್ತಿ ತೆರೆಯುವಂತಿರಲಿಲ್ಲ. ಅದಕ್ಕೆ 1965ರ ಆಗಸ್ಟ್ 6ರ ಮತದಾನ ಹಕ್ಕು ಕಾಯಿದೆಯೇ ಬರಬೇಕಾಯಿತು. ಅದು ಈ ರಾಜ್ಯಗಳಲ್ಲಿ ಓದು ಬರಹದ ಪರೀಕ್ಷೆಯನ್ನು ಅಮಾನತು ಮಾಡಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1966ರಲ್ಲಿ ಸೋತ ರಾಜ್ಯ ಯಾವುದು ಗೊತ್ತೇ? ದಕ್ಷಿಣ ಕೆರೊಲಿನಾ. ಹಾಗಿದ್ದೂ ಕಾಯಿದೆ ಬಂದ ಮರುದಿನ ಕಚೇರಿಯ ಮುಂದೆ ಸಾಲು ನಿಲ್ಲಲು ಧೈರ್ಯವಿದ್ದ ಜನ ಹಳ್ಳಿ ಹಳ್ಳಿಯಲ್ಲಿ ಇದ್ದದ್ದು ಈ ಎಂಟು ವರ್ಷಗಳ ಅಡುಗೆಮನೆ ತರಗತಿಗಳಿಂದ.

ಸ್ವತಂತ್ರ ಭಾರತದಲ್ಲಿ ಮತದಾರರಿಗೆ ಓದು ಬರಹದ ಪರೀಕ್ಷೆ ಎಂದೂ ಇರಲಿಲ್ಲ. ಆದರೆ ವಿಳಾಸದ ಪರೀಕ್ಷೆ ಇದೆ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬವನ್ನು, ಪಿಜಿಯಲ್ಲಿರುವ ಹುಡುಗಿಯನ್ನು, ಬಾಡಿಗೆ ಕರಾರು ಬರೆದುಕೊಡದ ಮನೆ ಮಾಲೀಕನಿರುವ ಬಾಡಿಗೆದಾರನನ್ನು ಕೇಳಿ ನೋಡಿ. ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ನಮೂನೆ 6, ಎಲ್ಲರಿಗೂ ಒಂದೇ. 2022ರಿಂದ ಹದಿನೆಂಟು ತುಂಬಿತೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಾಂಕಗಳು ವರ್ಷಕ್ಕೆ ನಾಲ್ಕಿವೆ, ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಸೂರಿಲ್ಲದವರಿಗೆ ವಿಳಾಸದ ದಾಖಲೆಯೇ ಬೇಡ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಬಂದು ಅವರು ಮಲಗುವ ಜಾಗ ನೋಡಿ ಖಚಿತಪಡಿಸಿಕೊಂಡರೆ ಸಾಕು ಎಂಬ ನಿಯಮವೂ ಇದೆ. ಇದನ್ನು ಅವರಿಗೆ ಹೇಳುವವರು ಯಾರು? ಮತದಾರರ ನೋಂದಣಿ ಅಭಿಯಾನ ಎಂದು ನಾವು ಶಾಮಿಯಾನ ಹಾಕಿ, ಮೇಜು ಇಟ್ಟು, ನಿಮ್ಮ ಮತ ನಿಮ್ಮ ಹಕ್ಕು ಎಂಬ ಬ್ಯಾನರ್ ಕಟ್ಟಿ, ಸಂಜೆ ಐದಕ್ಕೆ ಮೇಜು ಮಡಿಚುತ್ತೇವೆ. ಕಟ್ಟಡ ಕೆಲಸದವರು ಷೆಡ್ಡಿಗೆ ಮರಳುವುದು ಆರೂವರೆಗೆ. ಅವರ ಬಾಯಲ್ಲಿ ಮೊದಲು ಬರುವುದು ರೇಷನ್ ಕಾರ್ಡ್, ಮಗುವಿನ ಶಾಲೆ, ಗ್ಯಾಸ್. ಅದು ನಮ್ಮ ವಿಷಯವಲ್ಲ ಎಂದು ಹೇಳಿ ಕಳಿಸಿದರೆ ಅವರೂ ಹಾಗೇ ಅಂದುಕೊಂಡು ಹೋಗುತ್ತಾರೆ. ಷೆಡ್ಡಿನ ಪಕ್ಕ ಕಿರಾಣಿ ಅಂಗಡಿ ಇಟ್ಟವಳನ್ನು, ಊರಿಂದ ಆಳುಗಳನ್ನು ಕರೆತರುವ ಮೇಸ್ತ್ರಿಯ ಹೆಂಡತಿಯನ್ನು ಆ ಮೇಜಿನ ಹಿಂದೆ ಕೂರಿಸಿದ ಅಭಿಯಾನವನ್ನು ನಾನಿನ್ನೂ ನೋಡಿಲ್ಲ.

ಜೆಂಕಿನ್ಸ್ 1966ರಲ್ಲಿ ತಮ್ಮವರಿಗಾಗಿ ಒಂದು ಸಾಲ ಸಹಕಾರ ಸಂಘ ಕಟ್ಟಿದರು, 1972ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಫೋಕ್ಸ್‌ವ್ಯಾಗನ್ ವ್ಯಾನಿನ ಭಾಗಗಳು ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಅದೇ 1972ರಲ್ಲಿ ಬರ್ನಿಸ್ ರಾಬಿನ್ಸನ್ ರಾಜ್ಯದ ಶಾಸನಸಭೆಗೆ ನಿಂತು ಸೋತರು. ಸೆಪ್ಟಿಮಾ ಕ್ಲಾರ್ಕ್ 1970ರ ದಶಕದಲ್ಲಿ ಚಾರ್ಲ್ಸ್‌ಟನ್‌ನ ಶಾಲಾ ಮಂಡಳಿಗೆ ಚುನಾವಣೆಗೆ ನಿಂತರು. ಅವರನ್ನು ಕೆಲಸದಿಂದ ತೆಗೆದುಹಾಕಿದ್ದು ಅದೇ ಊರಿನ ಶಾಲಾ ಆಡಳಿತ. ಎಪ್ಪತ್ತೈದು ದಾಟಿದ್ದ ಅವರು ಗೆದ್ದು, ಮಂಡಳಿಯ ಮೇಜಿನ ಆಚೆ ಬದಿಯಲ್ಲಿ ಹೋಗಿ ಕೂತರು.